ಬೀರುವಿನ ಕೋವಿ, ಇಗರ್ಜಿಯ ಅಂಗಳ

ಮಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ. ಅವರ ಮಗಳು, ಮೊಮ್ಮಕ್ಕಳು ಇರುವುದು ಟೆಕ್ಸಸ್‌ನಲ್ಲಿ. "ಅಮೆರಿಕದ ಚರ್ಚುಗಳು ಹಳೇ ಬಂದೂಕು ಕತ್ತರಿಸಿ ಗುದ್ದಲಿ ಮಾಡುವುದು ಬರೀ ತೋರಿಕೆ. ಕೊಲೆಗಡುಕ ತನ್ನ ಪಿಸ್ತೂಲನ್ನು ಪಾದ್ರಿಗೆ ಒಪ್ಪಿಸುತ್ತಾನೆಯೇ? ಅವರು ಪ್ರಾರ್ಥನೆ ಮಾಡಲಿ, ಉಳಿದದ್ದನ್ನು ಪೊಲೀಸರಿಗೆ ಬಿಡಲಿ" ಎನ್ನುತ್ತಾರೆ.

ಕೊಲೆಗಡುಕ ಒಪ್ಪಿಸುವುದಿಲ್ಲ, ನಿಜ. ಇಂಥ ಶಿಬಿರಗಳಿಂದ ಕೊಲೆಗಳು ಕಡಿಮೆಯಾದವೆಂದು ಅಧ್ಯಯನಗಳೂ ಹೇಳುತ್ತಿಲ್ಲ. ಆದರೆ ಬಂದೂಕು ಎಂದೊಡನೆ ನಿಮಗೆ ಕೊಲೆಗಡುಕನೊಬ್ಬನೇ ಕಂಡನಲ್ಲ, ತಪ್ಪಿದ್ದು ಅಲ್ಲೇ. 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,830 ಮಂದಿ. ಅವರಲ್ಲಿ 26,328 ಮಂದಿಯದು ಆತ್ಮಹತ್ಯೆ. ಕೈಗೆ ಸುಲಭವಾಗಿ ಸಿಗುವುದು ಮನೆಯ ಬೀರುವಿನಲ್ಲಿರುವ ಕೋವಿ. ಮಗ ಮಂಕಾಗಿ ಕೂತಿದ್ದಾನೆಂದು ಹೆದರಿದ ತಾಯಿ, ಗಂಡ ಬಿಟ್ಟುಹೋದ ರಿವಾಲ್ವರ್ ಹಿಡಿದು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಅಳುಕುತ್ತಾಳೆ. ಇಗರ್ಜಿಗಾದರೆ ಪ್ರತಿ ಭಾನುವಾರ ಬರುತ್ತಾಳೆ.

ಮೆಕ್ಸಿಕೋ ಸರ್ಕಾರಕ್ಕೆ ಇದು ಅರ್ಥವಾಗಿದೆ. ಅದರ ನಿಶ್ಶಸ್ತ್ರೀಕರಣ ಅಭಿಯಾನ 2025ರ ಜನವರಿ 10ರಂದು ಶುರುವಾದದ್ದೇ ಮೆಕ್ಸಿಕೋ ನಗರದ ದೊಡ್ಡ ಇಗರ್ಜಿಯಾದ ಗ್ವಾದಲೂಪೆ ಮಾತೆಯ ಬಸಿಲಿಕಾದಲ್ಲಿ. ಅಲ್ಲಿ ಹೆಸರು ಕೇಳುವುದಿಲ್ಲ, ಹಣ ಕೊಡುತ್ತಾರೆ, ಸೈನಿಕರು ಸ್ಥಳದಲ್ಲೇ ಬಂದೂಕು ನಾಶಮಾಡುತ್ತಾರೆ.

ತೋರಿಕೆ ಎಂದಿರಿ. ಅಮೆರಿಕದ ಚರ್ಚ್ ಅಂಗಳಗಳಲ್ಲಿ ಈ ಕೆಲಸ ನಡೆಯುವ ರೀತಿ ನೋಡಿ. ತಂದವರು ಕಾರಿನಿಂದ ಇಳಿಯುವಂತಿಲ್ಲ. ಗುಂಡು ತೆಗೆದ ಕೋವಿ ಡಿಕ್ಕಿಯಲ್ಲಿರಬೇಕು. ತರಬೇತಿ ಪಡೆದವರೊಬ್ಬರು ಮ್ಯಾಗಜಿನ್ (ಗುಂಡು ತುಂಬಿಡುವ ಡಬ್ಬಿ) ತೆಗೆದು, ಚೇಂಬರ್ (ಹಾರಲು ಸಿದ್ಧವಾದ ಗುಂಡು ಕೂರುವ ಜಾಗ) ತೆರೆದು ನೋಡಿ, ಬೆರಳಿನಿಂದಲೂ ಮುಟ್ಟಿ ಖಾತ್ರಿ ಮಾಡಿಕೊಳ್ಳುತ್ತಾರೆ. ಮೋಸ ಮಾಡುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಅಜ್ಜನ ಕಾಲದ ಕೋವಿ. ಮದ್ದು, ಗುಂಡು ಹತ್ತಾರು ವರ್ಷದಿಂದ ಒಳಗೇ ಕೂತಿರಬಹುದು. ಅದರ ನಳಿಗೆಗೆ ಕಡ್ಡಿ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಿ, ಅದೇ ಕಡ್ಡಿಯನ್ನು ಹೊರಗೆ ನಳಿಗೆಯ ಪಕ್ಕ ಹಿಡಿಯಬೇಕು. ತುದಿ ಬುಡದವರೆಗೆ ಮುಟ್ಟದೆ ಒಂದೆರಡು ಇಂಚು ಮೇಲೆಯೇ ನಿಂತರೆ ಒಳಗೆ ಏನೋ ಇದೆ. ಗರಗಸದ ಹತ್ತಿರ ತರುವಂತಿಲ್ಲ.

ಕತ್ತರಿಸುವುದರಲ್ಲೂ ಎಚ್ಚರ ಬೇಕು. ನಳಿಗೆ ತುಂಡು ಮಾಡಿದರೆ ಸಾಲದು. ಅಮೆರಿಕದ ಕಾನೂನಿನ ಪ್ರಕಾರ ಬಂದೂಕೆಂದರೆ ಟ್ರಿಗರ್ ಕೂರುವ ಆ ಗೂಡು, ರಿಸೀವರ್. ಅದು ಉಳಿದರೆ ಬೇರೆ ನಳಿಗೆ ಜೋಡಿಸಿಕೊಳ್ಳಬಹುದು. ಆದ್ದರಿಂದ ಅದನ್ನೇ ಅಡ್ಡಡ್ಡ ಕತ್ತರಿಸಬೇಕು. ನಳಿಗೆಯ ಉಕ್ಕು ಕುಲುಮೆಗೆ ಹೋಗುತ್ತದೆ. ಪೊಲೀಸರಿಗೆ ಬಿಡಲಿ ಎಂದಿರಲ್ಲ, ಕೆಲವು ಪೊಲೀಸ್ ಇಲಾಖೆಗಳು ನಾಶಕ್ಕೆಂದು ಕೊಟ್ಟ ಬಂದೂಕುಗಳಲ್ಲಿ ರಿಸೀವರ್ ಮಾತ್ರ ಪುಡಿಯಾಗಿ, ಮಿಕ್ಕ ಭಾಗಗಳು ಕಿಟ್ ರೂಪದಲ್ಲಿ ಮಾರಾಟವಾದದ್ದು 2023ರಲ್ಲಿ ಬಯಲಾಯಿತು. ಬೇರೆ ರಿಸೀವರ್ ಜೋಡಿಸಿದರೆ ಅದು ಮತ್ತೆ ಬಂದೂಕೇ. ನಂಬಿ ಕೊಟ್ಟ ತಾಯಿಗೆ ಇದಕ್ಕಿಂತ ದೊಡ್ಡ ದ್ರೋಹವಿದೆಯೇ?

ಪ್ರಾರ್ಥನೆಯನ್ನೂ ಚರ್ಚಿನವರು ಬಿಟ್ಟಿಲ್ಲ, ಬೀದಿಗೂ ಇಳಿದಿದ್ದಾರೆ. ಶಿಕಾಗೋದ ಸೇಂಟ್ ಸಬೀನಾ ಚರ್ಚಿನ ಫಾದರ್ ಮೈಕೆಲ್ ಫ್ಲೆಗರ್ 2018ರ ಜುಲೈ 7ರಂದು ಬಂದೂಕಿನ ಹಿಂಸೆಯ ವಿರುದ್ಧ ಸಾವಿರಾರು ಜನರೊಡನೆ ಡ್ಯಾನ್ ರಯಾನ್ ಹೆದ್ದಾರಿಗೇ ಇಳಿದು ಮೆರವಣಿಗೆ ನಡೆಸಿದರು. ಮೆರವಣಿಗೆಯಾದರೆ ಪತ್ರಿಕೆಗಳು ಬರುತ್ತವೆ. ಶಾಲೆಯಲ್ಲಿ ಗುಂಡು ಹಾರಿದರೆ ಇನ್ನೂ ಬೇಗ ಬರುತ್ತವೆ. ಮುಚ್ಚಿದ ಕೋಣೆಯಲ್ಲಿ ಒಬ್ಬೊಬ್ಬರಾಗಿ ಸತ್ತ ಆ 26,328 ಮಂದಿಗೆ ಮುಖಪುಟದಲ್ಲಿ ಒಂದು ಸಾಲೂ ಸಿಗುವುದಿಲ್ಲ. ಈ ವಿಷಯದಲ್ಲಿ ನಮ್ಮ ಪತ್ರಿಕಾರಂಗದ ಮೇಲೆ ನನಗೆ ತೀರದ ಸಿಟ್ಟಿದೆ. ಸಾವು ಗುಂಪಾಗಿ ಬಂದರಷ್ಟೇ ಸುದ್ದಿಯೇ?

ಕೋವಿಯನ್ನು ಒಪ್ಪಿಸಲು ಮನಸ್ಸಿಲ್ಲದವರಿಗೂ ದಾರಿಯಿದೆ: ಕೇಬಲ್ ಬೀಗ. ಪಿಸ್ತೂಲಿನ ಮ್ಯಾಗಜಿನ್ ತೆಗೆದು, ಸ್ಲೈಡನ್ನು (ಹಿಂದೆ ಮುಂದೆ ಜಾರುವ ಮೇಲ್ಭಾಗವನ್ನು) ಹಿಂದಕ್ಕೆಳೆದು ನಿಲ್ಲಿಸಿ, ಚೇಂಬರ್ ಖಾಲಿಯೆಂದು ನೋಡಿ, ಖಾಲಿ ತೋಟೆ ಹಾರುವ ಕಿಂಡಿಯಿಂದ ಕೇಬಲ್ ತೂರಿಸಿ ಹಿಡಿಯ ಕೆಳಗಿನಿಂದ ಹೊರತೆಗೆದು ಬೀಗ ಹಾಕಬೇಕು. ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಡಿ ಇರಬೇಕು. ಹಲವರು ಬೀಗ ಹಾಕಿ ಕೀಲಿಯನ್ನು ಅದೇ ಡ್ರಾಯರಿನಲ್ಲಿಡುತ್ತಾರೆ. ಮನೆಯ ಹುಡುಗನಿಗೆ ಅದನ್ನು ಹುಡುಕಲು ಎಷ್ಟು ಹೊತ್ತು ಬೇಕು?

ನಿಮ್ಮ ಮಗಳಿಗೆ ಫೋನ್ ಮಾಡಿದಾಗ ಹೇಳಿ: ಮೊಮ್ಮಕ್ಕಳನ್ನು ಯಾರ ಮನೆಗಾದರೂ ಆಡಲು ಕಳಿಸುವ ಮುನ್ನ "ನಿಮ್ಮಲ್ಲಿ ಬಂದೂಕಿದೆಯೇ, ಬೀಗ ಹಾಕಿದೆಯೇ, ಕೀಲಿ ಯಾರ ಬಳಿ?" ಎಂದು ಸಂಕೋಚವಿಲ್ಲದೆ ಕೇಳಲಿ.