ಹಳೆಯ ಓವರ್‌ಡ್ರಾಫ್ಟ್, ಹೊಸ ವಸೂಲಿಗಾರರು

ಪ್ರಶ್ನೆ: ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಬಲೆ, ಹಗ್ಗ ಮತ್ತು ಬೋಟಿನ ಸಾಮಾನುಗಳ ಅಂಗಡಿ ನಡೆಸುತ್ತಿದ್ದೆ. ಮೀನುಗಾರಿಕೆ ನಿಷೇಧದ ಜೂನ್, ಜುಲೈ ತಿಂಗಳುಗಳಲ್ಲಿ ವ್ಯಾಪಾರ ಇರುವುದಿಲ್ಲವಾದ್ದರಿಂದ 2011ರಲ್ಲಿ ಕರೆಂಟ್ ಖಾತೆಯ ಮೇಲೆ ಬ್ಯಾಂಕೊಂದರಿಂದ ಒಂದೂವರೆ ಲಕ್ಷ ರೂಪಾಯಿಯ ಓವರ್‌ಡ್ರಾಫ್ಟ್ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ತೆಗೆಯಲು ಬಿಡುವ ಸಾಲ) ಮಾಡಿಸಿಕೊಂಡಿದ್ದೆ. ಯಾವ ಆಸ್ತಿಯನ್ನೂ ಅಡವಿಟ್ಟಿರಲಿಲ್ಲ. 2015ರಲ್ಲಿ ಅಂಗಡಿ ಮುಚ್ಚಿದಾಗ 1,18,000 ರೂಪಾಯಿ ಬಾಕಿ ಉಳಿಯಿತು. ಒಂದೆರಡು ನೋಟಿಸು ಬಂದವು, ಆಮೇಲೆ ಸುದ್ದಿಯಿಲ್ಲ. ಈಗ ಹುಬ್ಬಳ್ಳಿಯ ಏಜೆನ್ಸಿಯವರೆಂದು ಹೇಳಿಕೊಳ್ಳುವವರು 4,36,000 ರೂಪಾಯಿ ಕೇಳುತ್ತಿದ್ದಾರೆ. ರಾತ್ರಿ ಒಂಬತ್ತಕ್ಕೂ ಫೋನ್ ಮಾಡುತ್ತಾರೆ. ನನ್ನ ಭಾವನಿಗೂ ಮಾಡಿ ವಿಷಯ ಹೇಳಿದ್ದಾರೆ. ಪೊಲೀಸರನ್ನು ಕಳಿಸುತ್ತೇವೆ ಎನ್ನುತ್ತಾರೆ. ‘ಸದ್ಯ ಐದು ಸಾವಿರ ಹಾಕಿ, ನಾವು ಕಳಿಸುವ ಪತ್ರಕ್ಕೆ ಸಹಿ ಮಾಡಿ ಕೊಡಿ, ಉಳಿದದ್ದನ್ನು ಆಮೇಲೆ ನೋಡೋಣ’ ಎಂಬುದು ಅವರ ಕೊನೆಯ ಮಾತು. ನಾನೇನು ಮಾಡಬೇಕು?
— ಓದುಗರು, ಕಾರವಾರ

ಉತ್ತರ: ಆ ಪತ್ರಕ್ಕೆ ಸಹಿ ಮಾಡಬೇಡಿ. ಉಳಿದ ವಿಷಯಗಳನ್ನು ನಿಧಾನವಾಗಿ ನೋಡಬಹುದು, ಇದೊಂದು ಮಾತ್ರ ಇಂದಿನಿಂದಲೇ ಪಾಲಿಸಬೇಕಾದದ್ದು. ವಾಟ್ಸಾಪ್‌ನಲ್ಲಿ ‘ಕಟ್ಟುತ್ತೇನೆ, ಸ್ವಲ್ಪ ಸಮಯ ಕೊಡಿ’ ಎಂದು ಬರೆಯುವುದನ್ನೂ ನಿಲ್ಲಿಸಿ, ಏಕೆಂದರೆ ಮುಂದೆ ಅದನ್ನೂ ಲಿಖಿತ ಒಪ್ಪಿಗೆಯೆಂದು ವಾದಿಸುವವರಿದ್ದಾರೆ.

ಕಾರಣ ಹೀಗಿದೆ. ಆಸ್ತಿಯ ಅಡಮಾನವಿಲ್ಲದ ಸಾಲದ ವಸೂಲಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯನ್ನು ಕೊಡುತ್ತದೆ. ಓವರ್‌ಡ್ರಾಫ್ಟ್ ಖಾತೆಯಲ್ಲಿ ಆ ಮೂರು ವರ್ಷ ಯಾವ ದಿನದಿಂದ ಎಣಿಕೆಯಾಗುತ್ತದೆ ಎಂಬುದು ಖಾತೆ ನಡೆದ ರೀತಿ, ಕೊನೆಯ ಜಮಾ ಮತ್ತು ಬ್ಯಾಂಕು ಹಣ ಕೇಳಿದ ದಿನಾಂಕಗಳನ್ನು ಅವಲಂಬಿಸಿರುವುದರಿಂದ ವಕೀಲರು ಕಾಗದ ನೋಡದೆ ಖಚಿತವಾಗಿ ಹೇಳಲಾರರು. ಆದರೂ 2015ರಲ್ಲಿ ನಿಂತುಹೋದ ಖಾತೆಗೆ ಆ ಅವಧಿ ಮೇಲ್ನೋಟಕ್ಕೆ 2018 ಅಥವಾ 2019ರ ಹೊತ್ತಿಗೆ ಮುಗಿದಿರಬೇಕು. ಕೋವಿಡ್ ಕಾರಣಕ್ಕಾಗಿ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕದಿಂದ ಬಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ, ಆದರೆ ಅದಕ್ಕೂ ಮೊದಲೇ ಮುಗಿದುಹೋದ ಅವಧಿಗೆ ಆ ರಿಯಾಯಿತಿಯಿಂದ ಮರುಜೀವ ಬರುವುದಿಲ್ಲ.

ಇಷ್ಟಕ್ಕೇ ನಿರಾಳರಾಗಬೇಡಿ, ಎರಡು ವಿಷಯಗಳನ್ನು ಪರೀಕ್ಷಿಸಿಕೊಳ್ಳಬೇಕು. ಮೊದಲನೆಯದು, ಬ್ಯಾಂಕುಗಳು ಓವರ್‌ಡ್ರಾಫ್ಟ್ (ಓಡಿ) ಗ್ರಾಹಕರಿಂದ ಆಗಾಗ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿಯಿದೆ. ಮೂರು ವರ್ಷ ತುಂಬುವ ಮೊದಲೇ ನೀವು ಅಂಥದ್ದೊಂದಕ್ಕೆ ಸಹಿ ಮಾಡಿದ್ದರೆ, ಕಾಯ್ದೆಯ 18ನೇ ಕಲಮಿನ ಪ್ರಕಾರ ಆ ದಿನದಿಂದ ಹೊಸದಾಗಿ ಮೂರು ವರ್ಷ ಶುರುವಾಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಬ್ಯಾಂಕು ಆಗಲೇ ದಾವೆ ಹೂಡಿ, ಸಮನ್ಸು ಮುಚ್ಚಿದ ಅಂಗಡಿಯ ವಿಳಾಸಕ್ಕೆ ಹೋಗಿ, ನಿಮ್ಮ ಗೈರುಹಾಜರಿಯಲ್ಲಿ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು) ಆಗಿರುವ ಸಾಧ್ಯತೆಯೂ ಇದೆ, ಮತ್ತು ಡಿಕ್ರಿಯನ್ನು ಜಾರಿಗೆ ತರಲು ಹನ್ನೆರಡು ವರ್ಷಗಳ ಅವಕಾಶವಿರುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಆರಿಸಿ ನಿಮ್ಮ ಹೆಸರಿನಿಂದಲೂ ಅಂಗಡಿಯ ಹೆಸರಿನಿಂದಲೂ ಹುಡುಕಿ ನೋಡಿ. ಕಾಗುಣಿತ ಬೇರೆಯಾಗಿ ದಾಖಲಾಗಿರುವುದು ಸಾಮಾನ್ಯವಾದ್ದರಿಂದ ಹೆಸರನ್ನು ಎರಡು ಮೂರು ರೀತಿಯಲ್ಲಿ ಕೊಟ್ಟು ನೋಡುವುದು ಒಳ್ಳೆಯದು.

ಅವಧಿ ಮೀರಿದರೆ ಸಾಲವೇ ಅಳಿಸಿಹೋಯಿತೆಂದು ಹಲವರು ತಿಳಿದಿದ್ದಾರೆ. ಅಳಿಯುವುದು ಕೋರ್ಟಿನ ಮೂಲಕ ವಸೂಲು ಮಾಡುವ ದಾರಿಯೇ ಹೊರತು ಸಾಲವಲ್ಲ. ಆ ಬ್ಯಾಂಕು ಮರ್ಯಾದೆಯಿಂದ ಹಣ ಕೇಳಬಹುದು, ಕ್ರೆಡಿಟ್ ವರದಿಯಲ್ಲಿ ಬಾಕಿಯನ್ನು ತೋರಿಸಬಹುದು, ಅದೇ ಬ್ಯಾಂಕಿನಲ್ಲಿ ನಿಮ್ಮ ಠೇವಣಿಯೇನಾದರೂ ಇದ್ದರೆ ಅದರ ಮೇಲೆ ಹಕ್ಕು ಸಾಧಿಸಲೂ ನೋಡಬಹುದು. ಇದಕ್ಕಿಂತ ಹೆಚ್ಚಿನದು ಅವರ ಕೈಗೆ ಸಿಗಬೇಕಾದರೆ ನಿಮ್ಮ ಸಹಿ ಬೇಕು. 1872ರ ಕರಾರು ಕಾಯ್ದೆಯ 25ನೇ ಕಲಮಿನ ಮೂರನೆಯ ಉಪಕಲಮಿನಂತೆ, ಅವಧಿ ಮೀರಿದ ಸಾಲವನ್ನು ಕೊಡುತ್ತೇನೆಂದು ಬರೆದು ಸಹಿ ಮಾಡಿದರೆ ಅದು ಹೊಚ್ಚ ಹೊಸ ಕರಾರಾಗುತ್ತದೆ, ಅದರ ಆಧಾರದ ಮೇಲೆ ದಾವೆ ಹೂಡಬಹುದು. ಏಜೆನ್ಸಿಯವರಿಗೆ ನಿಮ್ಮ ಐದು ಸಾವಿರ ರೂಪಾಯಿಗಿಂತ ಆ ಪತ್ರದ ಮೇಲೆ ಆಸೆ ಹೆಚ್ಚಿರಬಹುದೆಂಬುದು ನನ್ನ ಅನುಮಾನ.

ಪೊಲೀಸರ ಮಾತು ಬರೀ ಬೆದರಿಕೆ. ಬ್ಯಾಂಕಿನ ಬಾಕಿ ಸಿವಿಲ್ ವ್ಯವಹಾರ. ಅದಕ್ಕಾಗಿ ಪೊಲೀಸರು ಯಾರ ಮನೆಗೂ ಬರುವುದಿಲ್ಲ. ಡಿಕ್ರಿಯಾದ ಮೇಲೆ ಜಪ್ತಿಗೆ ಬರುವವರು ಕೋರ್ಟಿನ ಅಮೀನರು, ಅವರು ಬರುವುದೂ ಕೋರ್ಟಿನ ಆದೇಶ ಹಿಡಿದುಕೊಂಡೇ. ಚೆಕ್ ಬೌನ್ಸ್ ಪ್ರಕರಣ ಮಾತ್ರ ಬೇರೆ, ಆದ್ದರಿಂದ 2011ರಲ್ಲಿ ಬ್ಯಾಂಕಿಗೆ ಖಾಲಿ ಚೆಕ್‌ಗಳನ್ನೇನಾದರೂ ಕೊಟ್ಟಿದ್ದರೆ ಅದನ್ನು ವಕೀಲರಿಗೆ ಮೊದಲೇ ತಿಳಿಸಿ.

ರಾತ್ರಿಯ ಫೋನ್ ಮತ್ತು ಭಾವನವರ ವಿಷಯಕ್ಕೆ ಬರೋಣ. ಬೆಳಿಗ್ಗೆ ಎಂಟಕ್ಕೆ ಮೊದಲು ಮತ್ತು ಸಂಜೆ ಏಳರ ನಂತರ ವಸೂಲಿಗಾಗಿ ಫೋನ್ ಮಾಡಕೂಡದೆಂದೂ, ಬಯ್ಗುಳ, ಬೆದರಿಕೆ, ಸಾರ್ವಜನಿಕ ಅವಮಾನ ಕೂಡದೆಂದೂ, ಸಾಲಗಾರರ ಕುಟುಂಬದವರ ಹಾಗೂ ಸ್ನೇಹಿತರ ಖಾಸಗಿತನಕ್ಕೆ ಕೈಹಾಕಕೂಡದೆಂದೂ ರಿಸರ್ವ್ ಬ್ಯಾಂಕು 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ವಸೂಲಿಗೆ ಬರುವವರ ಬಳಿ ಬ್ಯಾಂಕಿನ ಅಧಿಕಾರ ಪತ್ರ ಮತ್ತು ಗುರುತಿನ ಚೀಟಿ ಇರಬೇಕು, ಯಾವ ಏಜೆನ್ಸಿಗೆ ಕೆಲಸ ವಹಿಸಲಾಗಿದೆ ಎಂಬುದನ್ನು ಬ್ಯಾಂಕು ಸಾಲಗಾರರಿಗೆ ಮೊದಲೇ ತಿಳಿಸಬೇಕು ಎಂಬ ನಿಯಮ 2008ರಿಂದಲೂ ಇದೆ. ಏಜೆಂಟರ ನಡತೆಗೆ ಬ್ಯಾಂಕೇ ಹೊಣೆ. ‘ಅವರು ಹೊರಗಿನವರು, ನಮಗೆ ಸಂಬಂಧವಿಲ್ಲ’ ಎಂದು ಮ್ಯಾನೇಜರರು ಹೇಳಿದರೆ ಆ ಮಾತನ್ನೇ ಬರೆದು ಕೊಡಲು ಕೇಳಿ. ಇನ್ನು ಮೇಲೆ ಬರುವ ಪ್ರತಿ ಕರೆಯ ದಿನಾಂಕ, ಹೊತ್ತು, ನಂಬರು ಮತ್ತು ಆಡಿದ ಮಾತನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ, ಭಾವನವರಿಂದಲೂ ಬರೆಸಿ.

ಈಗ ಬ್ಯಾಂಕಿಗೆ ಪತ್ರ. ಏಜೆನ್ಸಿಗಲ್ಲ, ಖಾತೆ ಇದ್ದ ಶಾಖೆಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಮ್ಮ ಕರಾವಳಿಯಲ್ಲಿ ಒಂದು ತೊಡಕಿದೆ: ಆ ಕಾಲದ ಬ್ಯಾಂಕಿನ ಹೆಸರೇ ಈಗ ಉಳಿದಿಲ್ಲದಿರಬಹುದು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಅದರ ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಮತ್ತು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ನಿಮ್ಮ ಬ್ಯಾಂಕು ಹೀಗೆ ವಿಲೀನವಾಗಿದ್ದರೆ ಪತ್ರವನ್ನು ಈಗಿನ ಬ್ಯಾಂಕಿಗೆ ಬರೆಯಬೇಕು. ಅಥವಾ ಸಾಲವನ್ನು, ಬ್ಯಾಂಕುಗಳ ವಸೂಲಾಗದ ಸಾಲಗಳನ್ನು ಕೊಳ್ಳುವ ಆಸ್ತಿ ಪುನರ್‌ರಚನಾ ಕಂಪನಿಗೆ ಮಾರಿರಬಹುದು. ಹಾಗಿದ್ದರೆ ವರ್ಗಾವಣೆಯ ದಾಖಲೆಯನ್ನು ಕೇಳಿ. ಖಾತೆ ತೆರೆದಂದಿನಿಂದ ಇಂದಿನವರೆಗಿನ ಪೂರ್ಣ ಸ್ಟೇಟ್‌ಮೆಂಟ್, ನೀವು ಸಹಿ ಮಾಡಿದ ಕಾಗದಗಳ ಪ್ರತಿ, ಏಜೆನ್ಸಿಗೆ ಅಧಿಕಾರ ಕೊಟ್ಟ ಪತ್ರದ ಪ್ರತಿ, ಜೊತೆಗೆ 1,18,000 ಹೇಗೆ 4,36,000 ಆಯಿತೆಂಬ ವಿವರ, ಅಂದರೆ ಅದರಲ್ಲಿ ಬಡ್ಡಿ ಎಷ್ಟು, ದಂಡ ಎಷ್ಟು, ಇತರ ಖರ್ಚು ಎಷ್ಟು ಎಂಬುದನ್ನು ಕೇಳಿ. ದಂಡದ ಮೊತ್ತವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವುದನ್ನು ರಿಸರ್ವ್ ಬ್ಯಾಂಕು 2023ರ ಆಗಸ್ಟಿನ ಸುತ್ತೋಲೆಯಲ್ಲಿ ನಿಷೇಧಿಸಿದೆ. ‘ಈ ಪತ್ರವನ್ನು ಬಾಕಿಯ ಒಪ್ಪಿಗೆಯೆಂದಾಗಲಿ, ಪಾವತಿಯ ಭರವಸೆಯೆಂದಾಗಲಿ ತಿಳಿಯತಕ್ಕದ್ದಲ್ಲ’ ಎಂಬ ಸಾಲು ಪತ್ರದಲ್ಲಿ ಇರಲೇಬೇಕು. ಏಜೆಂಟರ ಕರೆಗಳ ಬಗೆಗಿನ ದೂರನ್ನು ಬೇರೆ ಪತ್ರವಾಗಿಯೇ ಕೊಡಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ.

ಕಾಗದಗಳೆಲ್ಲ ಬಂದು ಸಾಲ ನಿಜವೆಂದು ಕಂಡರೆ ಕಟ್ಟಬೇಕೋ ಬಿಡಬೇಕೋ ಎಂಬುದು ನಿಮ್ಮ ನಿರ್ಧಾರ. ನನ್ನನ್ನು ಕೇಳಿದರೆ, ಮುಂದೆ ಮನೆಗೋ ಮಕ್ಕಳ ಓದಿಗೋ ಸಾಲ ಬೇಕಾಗುವವರು ಅಸಲಿನ ಆಸುಪಾಸಿನ ಮೊತ್ತಕ್ಕೆ ಒಮ್ಮೆಲೇ ತೀರುವಳಿ ಮಾಡಿಕೊಳ್ಳುವುದು ಮೇಲು, ಮತ್ತು ಹತ್ತು ವರ್ಷ ಹಳೆಯ ಭದ್ರತೆಯಿಲ್ಲದ ಬಾಕಿಗೆ ಬ್ಯಾಂಕುಗಳು ಬಡ್ಡಿಯಲ್ಲಿ ಬಹಳಷ್ಟನ್ನು ಬಿಟ್ಟುಕೊಡಲು ಒಪ್ಪುವುದೂ ಉಂಟು. ಮಾತುಕತೆ ಬ್ಯಾಂಕಿನ ಅಧಿಕಾರಿಯೊಡನೆ ನಡೆಯಲಿ. ಮೊತ್ತ, ದಿನಾಂಕ ಮತ್ತು ‘ಇದು ಪೂರ್ಣ ಹಾಗೂ ಅಂತಿಮ’ ಎಂಬ ಮಾತು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಬಂದ ಮೇಲೆಯೇ ಹಣ ಕಟ್ಟಿ. ಅದೂ ಸಾಲದ ಖಾತೆಗೇ ನೇರವಾಗಿ, ಏಜೆಂಟರ ಫೋನ್‌ಪೇಗೆ ಖಂಡಿತ ಅಲ್ಲ. ಕಡಿಮೆ ಮೊತ್ತಕ್ಕೆ ತೀರಿಸಿದರೆ ಕ್ರೆಡಿಟ್ ವರದಿಯಲ್ಲಿ ‘ಕ್ಲೋಸ್ಡ್’ ಎಂಬುದರ ಬದಲು ‘ಸೆಟಲ್ಡ್’ ಎಂದು ಬರುತ್ತದೆ, ಅದು ಅಷ್ಟು ಒಳ್ಳೆಯ ಗುರುತಲ್ಲ ಎಂಬುದೂ ನೆನಪಿರಲಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ತೀರ್ಮಾನಕ್ಕೆ ಡಿಕ್ರಿಯ ಬಲವಿರುತ್ತದೆ, ಮೇಲ್ಮನವಿ ಇರುವುದಿಲ್ಲ. ಆದ್ದರಿಂದ ಒಪ್ಪಿದ ಕಂತು ತಪ್ಪುವ ಭಯವಿದ್ದರೆ ಅಲ್ಲಿ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ಶಿರಸಿಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದ ನಮ್ಮ ಯಜಮಾನರು ಎರಡು ವರ್ಷದ ಹಿಂದೆ ತೀರಿಕೊಂಡರು. ಅವರ ಓಡಿ ಬಾಕಿಯನ್ನು ನನ್ನ ಸಂಬಳದಿಂದ ಕಟ್ಟಬೇಕೆಂದೂ, ಇಲ್ಲವಾದರೆ ಬಂಗಾರ ಹಿಡಿದುಕೊಳ್ಳುತ್ತೇವೆಂದೂ ವಸೂಲಿಯವರು ಹೇಳುತ್ತಾರೆ. ನಾನು ಶಾಲಾ ಶಿಕ್ಷಕಿ. ಸಾಲದ ಕಾಗದಕ್ಕೆ ನನ್ನ ಸಹಿ ಇಲ್ಲ.
— ಓದುಗರು, ಶಿರಸಿ ತಾಲ್ಲೂಕು

ಉತ್ತರ: ಸಹ-ಸಾಲಗಾರರಾಗಿಯಾಗಲಿ ಜಾಮೀನುದಾರರಾಗಿಯಾಗಲಿ ನೀವು ಸಹಿ ಮಾಡಿಲ್ಲವಾದರೆ ನಿಮ್ಮ ಸಂಬಳಕ್ಕೂ ನಿಮ್ಮ ಸ್ವಂತ ಬಂಗಾರಕ್ಕೂ ಈ ಸಾಲ ತಗಲುವುದಿಲ್ಲ. ಮೃತರ ಆಸ್ತಿಯಿಂದ ವಾರಸುದಾರರ ಕೈಗೆ ಬಂದದ್ದೆಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಅವರ ಹೊಣೆ ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ ತತ್ವ. ಹಾಗೆಂದು, ಯಜಮಾನರ ಹೆಸರಿನ ತೋಟ ನಿಮ್ಮ ಹೆಸರಿಗೆ ಬಂದಿದ್ದರೆ ‘ನನಗೆ ಸಂಬಂಧವೇ ಇಲ್ಲ’ ಎನ್ನಲಾಗದು. ಕೃಷಿ ಭೂಮಿಯ ಮೇಲೆ ಸರ್ಫೇಸಿ ಕಾಯ್ದೆಯಡಿ (ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಬಿಡುವ ಕಾಯ್ದೆ) ಬ್ಯಾಂಕು ನೇರವಾಗಿ ಕೈಹಾಕುವಂತಿಲ್ಲವಾದರೂ ಕೋರ್ಟಿನ ಡಿಕ್ರಿ ಪಡೆದು ಬರಬಹುದು. ಇಲ್ಲಿ ಎರಡು ವರ್ಷವಷ್ಟೇ ಕಳೆದಿರುವುದರಿಂದ ಅವಧಿ ಮೀರಿರುತ್ತದೆಂದು ನಂಬಿ ಕೂರಬೇಡಿ, ಅವರು ಕೇಳುವ ಯಾವ ಕಾಗದಕ್ಕೂ ವಾರಸುದಾರಳೆಂದು ಸಹಿ ಹಾಕಲೂ ಬೇಡಿ. ಮರಣ ಪ್ರಮಾಣಪತ್ರದ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟು, ಓಡಿಗೆ ವಿಮೆ ಇತ್ತೇ ಎಂಬುದನ್ನು ಲಿಖಿತವಾಗಿ ವಿಚಾರಿಸಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಶಿರಸಿ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸಿಕೊಡುತ್ತಾರೆ.

ಪ್ರಶ್ನೆ: ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ತಂದ ಕಾನೂನಿನಡಿ ಬ್ಯಾಂಕಿನ ಓಡಿ ವಸೂಲಿಗಾರರ ಮೇಲೆ ದೂರು ಕೊಡಬಹುದೇ?
— ಓದುಗರು, ಹೊನ್ನಾವರ

ಉತ್ತರ: ಇಲ್ಲ, ರಿಸರ್ವ್ ಬ್ಯಾಂಕಿನ ಅಧೀನದಲ್ಲಿರುವ ಬ್ಯಾಂಕುಗಳನ್ನು ಆ ಕಾನೂನಿನಿಂದ ಹೊರಗಿಡಲಾಗಿದೆ. ಬ್ಯಾಂಕಿನ ವಿಷಯದಲ್ಲಿ ಮೇಲೆ ಹೇಳಿದ ದೂರು ಮತ್ತು ಓಂಬುಡ್ಸ್‌ಮನ್ ದಾರಿಯೇ ಸರಿ. ಏಜೆಂಟರು ಕೈ ಮಾಡಿದರೆ, ಪ್ರಾಣಬೆದರಿಕೆ ಹಾಕಿದರೆ ಅಥವಾ ಅಂಗಳದಿಂದ ಸಾಮಾನು ಎತ್ತಿಕೊಂಡು ಹೋದರೆ ಮಾತ್ರ ಅದು ಭಾರತೀಯ ನ್ಯಾಯ ಸಂಹಿತೆಯಡಿ ನೇರ ಅಪರಾಧ. ಆಗ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.