ಬಿಡದಿಯಲ್ಲಿ ಇಳಿದು ತಿನ್ನಿ

ಹೋದ ಸಲ ಈ ಅಂಕಣದಲ್ಲಿ ಬಿಡದಿಯ ತಟ್ಟೆ ಇಡ್ಲಿ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳನ್ನು ನೋಡಿ ಈ ಸಲ ಇಡೀ ಪುಟವನ್ನು ಆ ಊರಿಗೇ ಬಿಟ್ಟಿದ್ದೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ಬಿಡದಿ ಇರುವುದು ಬೆಂಗಳೂರಿನಿಂದ ಮೈಸೂರು ಕಡೆಗೆ 30 ಚಿಲ್ಲರೆ ಕಿಲೋಮೀಟರ್ ದೂರದಲ್ಲಿ. ಒಂದು ಮಗ್ಗುಲಿಗೆ ಟೊಯೋಟಾ, ಬಾಷ್, ಬ್ರಿಟಾನಿಯಾ ಕಾರ್ಖಾನೆಗಳು. ಇನ್ನೊಂದು ಮಗ್ಗುಲಿಗೆ ರಾಗಿ ಹೊಲ, ಹಿಪ್ಪುನೇರಳೆ ತೋಟ, ತೆಂಗು. ಪೂರ್ತಿ ಹಳ್ಳಿ ಅನ್ನುವ ಹಾಗಿಲ್ಲ, ಬೆಂಗಳೂರು ಅನ್ನುವ ಹಾಗೂ ಇಲ್ಲ. ಆದರೆ ಹೊಟ್ಟೆಗೆ ಒಳ್ಳೆಯ ಊರು.

ಪ್ರಶ್ನೆ: ಹೊಸ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಎರಡು ಸಲ ಮೈಸೂರಿಗೆ ಹೋದೆವು. ಎರಡು ಸಲವೂ ಬಿಡದಿ ಎಲ್ಲಿ ಬಂತು, ಎಲ್ಲಿ ಹೋಯಿತು ಗೊತ್ತೇ ಆಗಲಿಲ್ಲ. ಇಡ್ಲಿ ತಿನ್ನಬೇಕು ಅಂದುಕೊಂಡವರು ಮಂಡ್ಯ ದಾಟಿದ ಮೇಲೆ ಕಾಫಿ ಕುಡಿದೆವು. ಎಲ್ಲಿ ಇಳಿಯಬೇಕು?
— ಓದುಗರು, ರಾಜಾಜಿನಗರ

ನಿಮ್ಮ ಹಾಗೆ ಎಷ್ಟೋ ಜನ ಬರೆದಿದ್ದಾರೆ. 2023ರ ಮಾರ್ಚ್‌ನಲ್ಲಿ ಆ ರಸ್ತೆ ಉದ್ಘಾಟನೆ ಆಯಿತಲ್ಲ, ಅಲ್ಲಿಂದ ಕಾರುಗಳು ಬಿಡದಿ ಊರೊಳಗೆ ಬರುವುದು ನಿಂತಿತು. ಬೈಪಾಸ್ ಊರನ್ನು ಸುತ್ತಿ ಆಚೆ ಹೋಗುತ್ತದೆ. ಬಿಡದಿಗಷ್ಟೇ ಹೀಗಾಗಿಲ್ಲ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಊರುಗಳನ್ನೂ ಹೀಗೇ ಪಕ್ಕಕ್ಕೆ ಬಿಟ್ಟಿದ್ದಾರೆ. ಮೊದಲು ಮೈಸೂರಿಗೆ ಹೋಗುವವರು ಬೆಳಿಗ್ಗೆ ಹೊಟ್ಟೆ ಹಸಿಯುವ ಹೊತ್ತಿಗೆ ಸರಿಯಾಗಿ ಬಿಡದಿಗೆ ಬರುತ್ತಿದ್ದರು, ಹೋಟೆಲ್ ಮುಂದೆ ಕಾರು ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ, ಬಸ್ಸಿನವರು ಸಹ ಹತ್ತು ನಿಮಿಷ ಅಂತ ನಿಲ್ಲಿಸಿ ಅರ್ಧ ಗಂಟೆ ಮಾಡುತ್ತಿದ್ದರು. ಆ ವ್ಯಾಪಾರ ಅರ್ಧಕ್ಕರ್ಧ ಇಳಿದ ಅಂಗಡಿಗಳನ್ನು ನಾನೇ ನೋಡಿದ್ದೇನೆ. ಹಿಟ್ಟು ರುಬ್ಬುವುದು ಹಿಂದಿನ ದಿನವೇ, ಅಲ್ವಾ? ನಾಳೆ ಎಷ್ಟು ಜನ ಬರುತ್ತಾರೆ ಅಂತ ಗೊತ್ತಿಲ್ಲದೆ ರುಬ್ಬುವುದು ಎಷ್ಟು ಕಷ್ಟ ಅಂತ ಯೋಚಿಸಿ. ಹಾಗಾಗಿ ನೀವು ಇಳಿದು ತಿನ್ನಬೇಕು ಅನ್ನುವುದು ನನ್ನ ಆಸೆ.

ದಾರಿ ಸುಲಭ. ಕೆಂಗೇರಿ ದಾಟಿ ಕುಂಬಳಗೋಡು ಬರುವ ಹೊತ್ತಿಗೆ ಎಡಗಡೆ ಸರ್ವಿಸ್ ರಸ್ತೆಯಲ್ಲಿ ಇರಿ, ಮೇಲಿನ ರಸ್ತೆಗೆ ಹತ್ತಬೇಡಿ. ಸರ್ವಿಸ್ ರಸ್ತೆಗೆ ಟೋಲ್ ಇಲ್ಲ. ಅದರಲ್ಲೇ ಹೋದರೆ ಹಳೆಯ ಮೈಸೂರು ರಸ್ತೆ ನಿಮ್ಮನ್ನು ಬಿಡದಿ ಪೇಟೆಗೆ ತಂದು ಬಿಡುತ್ತದೆ. ಬೈಕಿನವರಿಗೆ ಹೇಗೂ ಬೇರೆ ದಾರಿ ಇಲ್ಲ, 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮೇಲಿನ ರಸ್ತೆಗೆ ಬಿಡುವುದಿಲ್ಲ. ಒಂದು ಲೆಕ್ಕದಲ್ಲಿ ಈಗ ಇಡ್ಲಿ ಬಿಸಿಯಾಗಿ ಸಿಗುತ್ತಿರುವುದು ಬೈಕಿನವರಿಗೇ.

ಪ್ರಶ್ನೆ: ಅಲ್ಲಿ ಪ್ರತಿ ಬೋರ್ಡಿನಲ್ಲೂ "ಬಿಡದಿ ತಟ್ಟೆ ಇಡ್ಲಿ" ಅಂತಲೇ ಇದೆ. ಬೆಂಗಳೂರಿನ ನಮ್ಮ ಬೀದಿಯಲ್ಲೂ ಅದೇ ಬೋರ್ಡು. ನಿಜವಾದದ್ದು ಯಾವುದು?
— ಓದುಗರು, ಬನಶಂಕರಿ

ಹೆಸರು ಬೇಕೇ ಬೇಕು ಅಂದರೆ, ಹಳಬರು ಮೊದಲು ಹೇಳುವ ಹೆಸರುಗಳಲ್ಲಿ ರೇಣುಕಾಂಬ ಒಂದು. ಆದರೆ ಹೆಸರು ಹಿಡಿದುಕೊಂಡು ಹೋಗಿ, ಅಲ್ಲಿ ರಶ್ ಇದ್ದರೆ ಬೇಜಾರು ಮಾಡಿಕೊಂಡು ವಾಪಸ್ ಬರಬೇಡಿ. ಪಕ್ಕದ ಸಣ್ಣ ಹೋಟೆಲ್‌ಗಳಲ್ಲೂ ಚೆನ್ನಾಗಿರುತ್ತದೆ. ನಾನು ನೋಡುವುದು ಮೂರು ವಿಷಯ.

ಮೊದಲನೆಯದು ಹೊತ್ತು. ಬೆಳಿಗ್ಗೆ 7ರಿಂದ 9ರೊಳಗೆ ಹೋಗಿ. ತಟ್ಟೆ ಇಡ್ಲಿಯ ಹಿಟ್ಟಿಗೆ ಅಕ್ಕಿ, ಉದ್ದಿನ ಬೇಳೆ ಜೊತೆಗೆ ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ಹಾಕುತ್ತಾರೆ, ಅಷ್ಟು ಅಗಲ ಇದ್ದರೂ ಹತ್ತಿಯ ಹಾಗೆ ಮೆತ್ತಗೆ ಬರುವುದು ಅದರಿಂದ. ರಾತ್ರಿಯಿಡೀ ಉಬ್ಬಿದ ಹಿಟ್ಟು ಬೆಳಿಗ್ಗೆ ಸರಿಯಾದ ಹದದಲ್ಲಿರುತ್ತದೆ. ಹನ್ನೊಂದರ ಮೇಲೆ ಅದೇ ಹಿಟ್ಟಿಗೆ ಹುಳಿ ಜಾಸ್ತಿ ಆಗುತ್ತದೆ, ಇಲ್ಲವೇ ಬೇಯಿಸಿಟ್ಟ ಇಡ್ಲಿಯನ್ನು ಮತ್ತೆ ಬಿಸಿ ಮಾಡಿ ಕೊಡುತ್ತಾರೆ. ಎರಡನೆಯದು ಸ್ಟ್ಯಾಂಡು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಂಡನ್ನು ನಿಮ್ಮ ಕಣ್ಣೆದುರೇ ಹಬೆಯಿಂದ ಎತ್ತುತ್ತಿದ್ದರೆ ಅಲ್ಲೇ ಕೂತುಬಿಡಿ. ಮೂರನೆಯದು ಚಟ್ನಿ. ತೆಂಗಿನಕಾಯಿ ಚಟ್ನಿ ತೆಳ್ಳಗೆ ನೀರಾಗಿ, ಹುರಿಗಡಲೆಯ ರುಚಿಯೇ ಮುಂದೆ ಬಂದರೆ ಆ ಅಂಗಡಿಯವರು ಕಾಯಿ ಉಳಿಸುತ್ತಿದ್ದಾರೆ ಅಂತ ಅರ್ಥ. ಸುತ್ತ ತೆಂಗಿನ ತೋಟ ಇರುವ ಊರಲ್ಲಿ ಹಾಗಾಗಬಾರದು.

ಬೆಣ್ಣೆ ಹಾಕಿಸಿಕೊಳ್ಳಿ. ಇಡ್ಲಿ ಸುಡುತ್ತಿರುವಾಗಲೇ ಮೇಲೆ ಇಟ್ಟ ಬೆಣ್ಣೆ ಕರಗಿ ಒಳಗೆ ಇಳಿಯಬೇಕು, ಆಮೇಲೆ ಚಟ್ನಿ. ಸಾಂಬಾರು ಕೇಳಿದರೆ ಕೊಡುವ ಕಡೆ ಇದೆ, ಆದರೆ ಈ ಇಡ್ಲಿಯನ್ನು ಸಾಂಬಾರಲ್ಲಿ ಮುಳುಗಿಸಬೇಡಿ ಅಂತ ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಇಡ್ಲಿ ಬೇಯಿಸುವಾಗ ಪ್ಲಾಸ್ಟಿಕ್ ಹಾಳೆ ಹಾಕುತ್ತಾರಂತೆ. ಹೌದಾ?
— ಓದುಗರು, ರಾಮನಗರ

ಕೆಲವು ಕಡೆ ಹಾಕುತ್ತಿದ್ದದ್ದು ನಿಜ. 2025ರ ಫೆಬ್ರವರಿಯಲ್ಲಿ ಆಹಾರ ಸುರಕ್ಷತಾ ಇಲಾಖೆಯವರು ರಾಜ್ಯದಲ್ಲಿ 251 ಕಡೆ ನೋಡಿದಾಗ 50ಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಸಿಕ್ಕಿತು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಬಿಸಿ ಹಬೆಗೆ ಪ್ಲಾಸ್ಟಿಕ್ ಒಡ್ಡಿದರೆ ಅದರಲ್ಲಿರುವ ರಾಸಾಯನಿಕ ನಾವು ತಿನ್ನುವ ಇಡ್ಲಿಗೂ ಇಳಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಅಡುಗೆಮನೆ ಕಡೆ ಒಮ್ಮೆ ಇಣುಕಿ ನೋಡಿ. ಬಟ್ಟೆ ಇರಬೇಕು, ಇಲ್ಲವೇ ಎಣ್ಣೆ ಸವರಿದ ಬರೀ ತಟ್ಟೆ ಇರಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಬಟ್ಟೆ ಹಾಕುವವರು ಖುಷಿಯಿಂದ ತೋರಿಸುತ್ತಾರೆ.

ಪ್ರಶ್ನೆ: ನಾನು ಕಲಬುರಗಿಯವನು. ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಇಲ್ಲಿ ಮಧ್ಯಾಹ್ನ ಎಲ್ಲಿ ಹೋದರೂ ಮುದ್ದೆ. ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ರೊಟ್ಟಿ ಎಲ್ಲಿ ಸಿಗುತ್ತದೆ?
— ಓದುಗರು, ಬಿಡದಿ

ರೊಟ್ಟಿಯದ್ದು ಮೊದಲು ಹೇಳುತ್ತೇನೆ. ರಜೆ ದಿನ ಸ್ವಲ್ಪ ಮುಂದೆ ಹೋಗುವುದಾದರೆ, ರಾಮನಗರ ದಾಟಿ ಜಾನಪದ ಲೋಕ ಅನ್ನುವ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಕಾಮತ್ ಲೋಕರುಚಿ ಹೋಟೆಲ್ ಇದೆ. ಜೋಳದ ರೊಟ್ಟಿ ಊಟ ಸಿಗುತ್ತದೆ. ಅದಕ್ಕೂ ಹಳೆಯ ರಸ್ತೆಯಲ್ಲೇ ಹೋಗಬೇಕು, ಬೈಪಾಸ್ ಹಿಡಿದರೆ ತಪ್ಪಿಹೋಗುತ್ತದೆ. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನೂ ನೋಡಿ ಬನ್ನಿ, ಮಂಗಳವಾರ ಮಾತ್ರ ರಜೆ ಇರುತ್ತದೆ. ಇನ್ನು ದಿನಾ ರಾತ್ರಿಗೆ, ಕಾರ್ಖಾನೆ ಪ್ರದೇಶದ ಸುತ್ತ ಬಿಹಾರ, ಒಡಿಶಾ ಕಡೆಯ ಕೆಲಸಗಾರರಿಗಾಗಿ ನಡೆಯುವ ಸಣ್ಣ ಢಾಬಾಗಳಲ್ಲಿ ಗೋಧಿ ರೊಟ್ಟಿ, ದಾಲ್ ಕಡಿಮೆಗೆ ಸಿಗುತ್ತದೆ. ನಿಮ್ಮ ಜೋಳದ ರೊಟ್ಟಿಯ ರುಚಿ ಅಲ್ಲಿ ಬರುವುದಿಲ್ಲ, ಆದರೆ ಕೈಯಲ್ಲಿ ಮುರಿದು ತಿನ್ನುವ ಸಮಾಧಾನ ಇರುತ್ತದೆ.

ಆದರೆ ಮುದ್ದೆಯನ್ನು ಇಷ್ಟು ಬೇಗ ಬಿಡಬೇಡಿ. ನೀವು ಅದನ್ನು ಅಗಿಯುತ್ತಿದ್ದೀರಿ ಅಂತ ಕಾಣುತ್ತದೆ. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಗಂಟಲಿಗೆ ಹೋಗುವುದೇ ಇಲ್ಲ. ಸಣ್ಣ ಗೋಲಿಯಷ್ಟು ಮುರಿಯಿರಿ, ಸಾರಲ್ಲಿ ಚೆನ್ನಾಗಿ ಹೊರಳಿಸಿ, ಸಾರಿನ ಸಮೇತ ನುಂಗಿ. ಬಿಸಿ ಇರುವಾಗಲೇ ತಿನ್ನಬೇಕು. ಪಕ್ಕದ ಟೇಬಲ್ಲಿನ ಹಿರಿಯರನ್ನು ಎರಡು ನಿಮಿಷ ನೋಡಿದರೆ ಸಾಕು, ಅಭ್ಯಾಸ ಆಗಿಬಿಡುತ್ತದೆ.

ಮತ್ತೆ ಶುರು ಮಾಡುವುದಕ್ಕೆ ಬಸ್ಸಾರು ಒಳ್ಳೆಯದು. ಸೊಪ್ಪು, ಬೇಳೆಯನ್ನೋ ಕಾಳನ್ನೋ ಒಟ್ಟಿಗೆ ಬೇಯಿಸಿ ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಉಪ್ಸಾರಾದರೆ ಕಟ್ಟು ಸಪ್ಪೆಯಾಗಿಯೇ ಬರುತ್ತದೆ, ಮೆಣಸಿನಕಾಯಿ ಬೆಳ್ಳುಳ್ಳಿ ಖಾರವನ್ನು ಪಕ್ಕದಲ್ಲಿ ಕೊಡುತ್ತಾರೆ, ನಿಮಗೆ ಬೇಕಾದಷ್ಟು ಕಲೆಸಿಕೊಳ್ಳಬಹುದು. ಕಲಬುರಗಿಯವರಿಗೆ ಖಾರ ಹೊಸದೇನಲ್ಲ. ಮಳೆ ಬಿದ್ದ ಮೇಲೆ ಬೆರಕೆ ಸೊಪ್ಪಿನ ಸಾರು ಬರುತ್ತದೆ, ಹೊಲದಲ್ಲಿ ತಾನಾಗೇ ಬೆಳೆದ ನಾಲ್ಕಾರು ಸೊಪ್ಪು ಸೇರಿಸಿ ಮಾಡುವುದು. ಡಿಸೆಂಬರ್‌ನಿಂದ ಅವರೆಕಾಯಿ ಕಾಲ. ಆಗ ಹಿತಕಿದ ಬೇಳೆ ಸಾರು ಮಾಡಿದ್ದಾರಾ ಅಂತ ಕೇಳಿ. ಒಂದೊಂದು ಕಾಳನ್ನೂ ಕೈಯಲ್ಲಿ ಹಿಸುಕಿ ಸಿಪ್ಪೆ ತೆಗೆಯಬೇಕು, ಅದಕ್ಕೇ ಎಲ್ಲ ಕಡೆ ಮಾಡುವುದಿಲ್ಲ. ಮಾಡಿದ್ದಾರೆ ಅಂದರೆ ಆ ದಿನ ಅಲ್ಲೇ ಊಟ ಮಾಡಿ.

ಪ್ರಶ್ನೆ: ನಾಟಿ ಕೋಳಿ ಸಾರು ಅಂತ ಬೋರ್ಡ್ ನೋಡಿ ಹೋದೆವು. ತಿಂದರೆ ಬ್ರಾಯ್ಲರ್. ಮೊದಲೇ ಗೊತ್ತಾಗುವುದು ಹೇಗೆ?
— ಓದುಗರು, ನಾಗರಬಾವಿ

ನನಗೂ ಆಗಿದೆ. ಆ ಕಡೆಯ ಒಂದು ಹೋಟೆಲ್‌ನಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ನಾಟಿ ಕೋಳಿಗೆ ದುಡ್ಡು ಕೊಟ್ಟು ಬ್ರಾಯ್ಲರ್ ತಿಂದು ಬಂದೆ. ಊರಿಂದ ಬಂದಿದ್ದ ಅತ್ತೆ ಮೊದಲ ತುತ್ತಿಗೇ ತಟ್ಟೆ ಪಕ್ಕಕ್ಕೆ ಸರಿಸಿದರು. ದುಡ್ಡಿಗಿಂತ ಅದು ನೋವಾಯಿತು.

ನಾಟಿ ಕೋಳಿ ಬೇಯುವುದಕ್ಕೆ ಹೊತ್ತು ಬೇಕು. ಮಾಂಸ ಬಿಗಿಯಾಗಿರುತ್ತದೆ, ಬಣ್ಣ ಸ್ವಲ್ಪ ಗಾಢ, ಮೂಳೆ ಗಟ್ಟಿ. ಸುಟ್ಟು ಅರಿಶಿನ ಹಚ್ಚಿದ ಚರ್ಮ ಇರುತ್ತದೆ, ಅದರ ವಾಸನೆ ಸಾರಲ್ಲೇ ಗೊತ್ತಾಗುತ್ತದೆ. ಮುಟ್ಟಿದ ಕೂಡಲೇ ಮೂಳೆಯಿಂದ ಮಾಂಸ ಕಳಚಿ ಬಿದ್ದರೆ ಅನುಮಾನ ಪಡಿ. ಗಿರಿರಾಜ ಕೋಳಿಯನ್ನೂ ನಾಟಿ ಅಂತ ಬಡಿಸುವವರಿದ್ದಾರೆ. ಅದು ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ತಳಿ, ತಿನ್ನುವುದಕ್ಕೆ ಕೆಟ್ಟದ್ದಲ್ಲ, ಆದರೆ ಅದರ ಹೆಸರಲ್ಲೇ ಕೊಡಲಿ.

ಇನ್ನೊಂದು ಉಪಾಯ ಇದೆ. ಉದ್ದ ಮೆನು ಇರುವ ಕಡೆ ನಾಟಿ ಕೋಳಿ ಕೇಳಬೇಡಿ. ಗೋಬಿ ಮಂಚೂರಿ, ಪನ್ನೀರು, ನಾಟಿ ಕೋಳಿ ಎಲ್ಲ ಒಂದೇ ಅಡುಗೆಮನೆಯಲ್ಲಿ ಹತ್ತು ನಿಮಿಷಕ್ಕೆ ಆಗುವುದಿಲ್ಲ. ಶೆಡ್ಡಿನಂಥ ಮಿಲ್ಟ್ರಿ ಹೋಟೆಲ್ ಇರುತ್ತದೆ, ಗೋಡೆಯ ಮೇಲೆ ಐದಾರು ಹೆಸರು: ಮುದ್ದೆ, ನಾಟಿ ಕೋಳಿ, ಮಟನ್, ಬೋಟಿ, ತಲೆ ಮಾಂಸ, ಕಾಲ್ ಸೂಪ್. ಅಂಥ ಕಡೆ ಹೋಗಿ. ಹಿಂದಿನ ದಿನವೇ ಫೋನ್ ಮಾಡಿ ಇಷ್ಟು ಜನ ಬರುತ್ತೇವೆ ಅಂದರೆ ಕೋಳಿ ಹಿಡಿದಿಡುತ್ತಾರೆ. ಭಾನುವಾರ ಒಂದು ಗಂಟೆಯೊಳಗೆ ಹೋಗದಿದ್ದರೆ ಬರೀ ಸಾರು ಉಳಿದಿರುತ್ತದೆ. ಸೋಮವಾರ, ಶನಿವಾರ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ, ಕೆಲವು ಹೋಟೆಲ್‌ಗಳೂ ಸೋಮವಾರ ಬಾಗಿಲು ಹಾಕುತ್ತವೆ. ಶ್ರಾವಣದಲ್ಲೂ ಕೇಳಿಕೊಂಡೇ ಹೊರಡಿ. ಯುಗಾದಿ ಮಾರನೇ ದಿನದ ಹೊಸತೊಡಕಿಗಂತೂ ಹೋಟೆಲ್ ನಂಬಿಕೊಂಡು ಹೋಗಬೇಡಿ, ಅವರೂ ಮನೆಯಲ್ಲಿ ಹಬ್ಬ ಮಾಡುತ್ತಿರುತ್ತಾರೆ.

ಪ್ರಶ್ನೆ: ಮಕ್ಕಳನ್ನು ಬಿಡದಿ ಹತ್ತಿರದ ವಂಡರ್‌ಲಾ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಊಟ ಏನು ಮಾಡುವುದು?
— ಓದುಗರು, ಯಲಹಂಕ

ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ, ಬುತ್ತಿ ಕಟ್ಟಿಕೊಂಡು ಹೋಗಬೇಡಿ. ಬಾಗಿಲು ತೆಗೆಯುವುದು ಸಾಮಾನ್ಯವಾಗಿ 11ಕ್ಕೆ. ಹಾಗಾಗಿ ಎಂಟೂವರೆಗೆ ಬಿಡದಿಯಲ್ಲಿ ಇಡ್ಲಿ, ವಡೆ ಮುಗಿಸಿ. ಆಟ ಶುರುವಾಗುವ ಹೊತ್ತಿಗೆ ಹೊಟ್ಟೆಯೂ ಹಗುರವಾಗಿರುತ್ತದೆ. ಮಧ್ಯಾಹ್ನ ಒಳಗೇ ಏನಾದರೂ ತಿನ್ನಿ. ಸಂಜೆ ನೀರಲ್ಲಿ ನೆನೆದ ಮಕ್ಕಳಿಗೆ ಭಯಂಕರ ಹಸಿವು, ಆಗ ಪೇಟೆಗೆ ಬಂದು ಬಿಸಿ ಬಿಸಿ ದೋಸೆ ಕೊಡಿಸಿ. ಏಪ್ರಿಲ್, ಮೇ ತಿಂಗಳಾದರೆ ವಾಪಸ್ ಬರುವಾಗ ಹಳೆಯ ರಸ್ತೆ ಬದಿಯಲ್ಲಿ ಬಾದಾಮಿ ಮಾವಿನಹಣ್ಣು ತನ್ನಿ. ರಾಮನಗರದ ಮಾವು ಬೇರೆ ಕಡೆಗಿಂತ ಬೇಗ ಬರುತ್ತದೆ.

ಪ್ರಶ್ನೆ: ನಮ್ಮಲ್ಲಿ ಕಾರಿಲ್ಲ. ಅಮ್ಮನಿಗೆ 74 ವರ್ಷ. ಮೊದಲು ಮಂಡ್ಯಕ್ಕೆ ಬಸ್ಸಲ್ಲಿ ಹೋಗುವಾಗ ಬಿಡದಿಯಲ್ಲಿ ಇಡ್ಲಿ ತಿನ್ನುತ್ತಿದ್ದೆವು ಅಂತ ಆಗಾಗ ನೆನೆಯುತ್ತಾರೆ. ಒಂದು ಸಲ ಕರೆದುಕೊಂಡು ಹೋಗಬೇಕು.
— ಓದುಗಿ, ವಿಜಯನಗರ

ಖಂಡಿತ ಹೋಗಿ, ಮುಂದಕ್ಕೆ ಹಾಕಬೇಡಿ. ವಿಜಯನಗರದಿಂದ ನಿಮಗೆ ಮೆಟ್ರೋ ಇದೆ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದವರೆಗೆ ಹೋಗುತ್ತದೆ. ಅಮ್ಮನಿಗೆ ಬಸ್ ಹತ್ತಿ ಇಳಿಯುವುದು ಕಷ್ಟ ಇಲ್ಲದಿದ್ದರೆ ಕೆಂಗೇರಿ ಕಡೆ ಇಳಿದು ಬಿಡದಿ ಬಸ್ ಹಿಡಿಯಿರಿ. ರೈಲೂ ಇದೆ, ಮೈಸೂರು ಕಡೆಯ ಮೆಮು ಲೋಕಲ್ ರೈಲು ಬಿಡದಿಯಲ್ಲಿ ನಿಲ್ಲುತ್ತದೆ. ಕೂತು ಹೋಗಬಹುದು, ಕಿಟಕಿಯಲ್ಲಿ ಹೊಲ ಕಾಣುತ್ತದೆ, ಅಮ್ಮನಿಗೆ ಅದೇ ಹಿಡಿಸಬಹುದು. ಸ್ಟೇಷನ್ನಿಂದ ಪೇಟೆಗೆ ಆಟೋ ಮಾಡಿಕೊಳ್ಳಿ, ನಡೆಸಬೇಡಿ. ವಾರದ ಮಧ್ಯೆ ಹೋಗಿ, ಭಾನುವಾರ ಕೂರುವುದಕ್ಕೆ ಜಾಗ ಸಿಗುವುದು ಕಷ್ಟ, ಎಷ್ಟೋ ಕಡೆ ನಿಂತೇ ತಿನ್ನಬೇಕು.

ತಟ್ಟೆ ಇಡ್ಲಿ ದೊಡ್ಡದು, ಒಂದೇ ಸಲ ಎರಡು ಹೇಳಬೇಡಿ, ಎರಡನೆಯದು ಆರಿಹೋಗುತ್ತದೆ. ಮೊದಲು ಒಂದು ತರಿಸಿ ಇಬ್ಬರೂ ಅರ್ಧ ಅರ್ಧ ತಿನ್ನಿ. ಆಮೇಲೆ ಸ್ಟ್ಯಾಂಡ್ ಇಳಿಸುವುದನ್ನು ನೋಡಿಕೊಂಡು ಇನ್ನೊಂದು ಹೇಳಿ.