ಗ್ರಾಫಿಕ್ ಡಿಸೈನ್‌ಗೆ ಟೈಪೊಗ್ರಫಿಯ (ಅಕ್ಷರ ಜೋಡಣೆಯ) ಮೂಲಪಾಠ ಕಲಿಯಲು ಕೋರ್ಸ್ ಸೇರಬೇಕೇ, ಮೊದಲು ಫಾಂಟ್ ಕೊಳ್ಳಬೇಕೇ?

ಎರಡೂ ಬೇಡ. ಕನ್ನಡದ ಆಮಂತ್ರಣ ಪತ್ರಿಕೆ, ಪುಸ್ತಕದ ಕೆಲಸ ಹಿಡಿಯುತ್ತೇನೆ, ಅದಕ್ಕೆ ಇಂಗ್ಲಿಷ್ ಕೋರ್ಸ್ ಸೇರಲೋ ಫಾಂಟ್ ಕೊಳ್ಳಲೋ ಅಂತ ಕೇಳಿದ್ದೀರಿ. ನಾನೂ ಹಾಗೇ ಶುರು ಮಾಡಿದವನು. ಕಂಪನಿಯೊಂದರ ಇಂಗ್ಲಿಷ್ ನ್ಯೂಸ್‌ಲೆಟರ್ ಮಾಡುತ್ತಿದ್ದೆ. ಕರ್ನಿಂಗ್ (ಅಕ್ಷರಗಳ ನಡುವಿನ ಜಾಗ), ಬೇಸ್‌ಲೈನ್ (ಅಕ್ಷರ ಕೂರುವ ಗೆರೆ), ಎಕ್ಸ್-ಹೈಟ್ (ಸಣ್ಣಕ್ಷರದ ಎತ್ತರ) ಎಲ್ಲಾ ಬಾಯಿಪಾಠ. ವಿಸಿಟಿಂಗ್ ಕಾರ್ಡ್‌ನಲ್ಲಿ ‘ಟೈಪೊಗ್ರಫರ್’ ಅಂತ ಬೇರೆ ಹಾಕಿಸಿಕೊಂಡಿದ್ದೆ.

ಆಗ ಒಬ್ಬ ಪ್ರಕಾಶಕರು ನಿವೃತ್ತ ಮೇಷ್ಟ್ರೊಬ್ಬರ ಪ್ರಬಂಧಗಳ ಪುಸ್ತಕ ಕೊಟ್ಟರು. 1/8 ಡೆಮಿ ಸೈಜು, 70 ಜಿಎಸ್‌ಎಂ ತೂಕದ, ಲೇಪನವಿಲ್ಲದ ಮ್ಯಾಪ್‌ಲಿಥೊ ಕಾಗದ. ಅಕ್ಷರ 12 ಪಾಯಿಂಟ್ ಇಟ್ಟೆ. ಲೀಡಿಂಗ್, ಅಂದರೆ ಒಂದು ಸಾಲಿನಿಂದ ಮುಂದಿನ ಸಾಲಿಗೆ ಇರುವ ಅಂತರ, ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್ ತಾನೇ ಕೊಡುವ 14.4. ಆ ತಂತ್ರಾಂಶದ ‘ಆಟೊ’ ಲೆಕ್ಕ ಅಂದರೆ ಅಕ್ಷರದ ಅಳತೆಯ 120%. ಇಂಗ್ಲಿಷ್‌ಗೆ ಅದು ಸಾಮಾನ್ಯವಾಗಿ ನಡೆದುಹೋಗುತ್ತದೆ. ನನಗೆ ಅನುಮಾನವೇ ಬರಲಿಲ್ಲ.

ಪುಸ್ತಕ 118 ಪುಟಕ್ಕೆ ಹೋಯಿತು. ಒಂದು ಫಾರಂ ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟ. ಪ್ರಕಾಶಕರು ಲೆಕ್ಕ ಹಾಕಿದ್ದು ಏಳು ಫಾರಂಗೆ, ಅಂದರೆ 112 ಪುಟ. ಅಕ್ಷರ ಸಣ್ಣದು ಮಾಡಿದರೆ ಕಣ್ಣಿಗೆ ಬೀಳುತ್ತದೆ, ಸಾಲು ಸ್ವಲ್ಪ ಒತ್ತಾದರೆ ಯಾರಿಗೂ ಗೊತ್ತಾಗಲ್ಲ ಅಂದುಕೊಂಡೆ. 14.4 ಇದ್ದದ್ದನ್ನು 13.5ಕ್ಕೆ ಇಳಿಸಿದೆ. ಸರಿಯಾಗಿ 112 ಪುಟಕ್ಕೆ ಕೂತಿತು. ಖುಷಿಯೋ ಖುಷಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೆಟ್ಟಿದ್ದು ಇಲ್ಲೇ. ಇಂಗ್ಲಿಷ್ ಸಾಲಿನಲ್ಲಿ ಕೆಳಗೆ ಇಳಿಯುವುದು ಜಿ, ವೈ, ಪಿ ತರಹದ ಕೆಲವೇ ಅಕ್ಷರಗಳ ಬಾಲ. ಕನ್ನಡದಲ್ಲಿ ಕೆಳಗೆ ಇಳಿಯುವುದು ಇನ್ನೊಂದು ಅಕ್ಷರವೇ. ‘ರಾಷ್ಟ್ರ’ ಬರೆದು ನೋಡಿ. ಷ ಕೆಳಗೆ ಟ, ಅದರ ಜೊತೆಗೆ ರ ಒತ್ತು. ಮೇಲ್ಗಡೆ ತಲೆಕಟ್ಟು, ಗುಡಿಸು. ಮೇಲಿನ ಸಾಲಿನ ಒತ್ತು ಇಳಿಯುವ ಜಾಗಕ್ಕೇ ಕೆಳಗಿನ ಸಾಲಿನ ಗುಡಿಸು ಏರಿ ಬರುತ್ತದೆ. ನಾನು ಅಂತರ ಪರೀಕ್ಷೆ ಮಾಡಿದ್ದು ನಾನೇ ಟೈಪ್ ಮಾಡಿದ ಎರಡು ಸಾಲಿನಲ್ಲಿ, ಅದರಲ್ಲಿ ‘ನಾಡು, ನುಡಿ, ಜನ’ ತರಹದ ಪದಗಳೇ. ಒತ್ತೇ ಇಲ್ಲ! ಮೇಷ್ಟ್ರ ಪ್ರಬಂಧದಲ್ಲಿ ಸಾಲಿಗೊಂದು ಶಾಸ್ತ್ರ, ತತ್ತ್ವ, ವೈಶಿಷ್ಟ್ಯ.

ಹಾಗಾದರೆ ಕರಡಿನಲ್ಲಿ ಕಾಣಲಿಲ್ಲವಾ ಅಂತ ಕೇಳುತ್ತೀರಿ. ಸ್ಕ್ರೀನ್‌ನಲ್ಲಿ ನೋಡಿದ್ದು 200% ದೊಡ್ಡದು ಮಾಡಿ. ಅಲ್ಲಿ ಒತ್ತಿಗೂ ಗುಡಿಸಿಗೂ ನಡುವೆ ಒಂದು ಕೂದಲೆಳೆ ಬಿಳಿ ಇತ್ತು. ಲೇಸರ್ ಪ್ರಿಂಟ್ ತೆಗೆದಿದ್ದು ಎ4 ಹಾಳೆಯಲ್ಲಿ, ‘ಫಿಟ್ ಟು ಪೇಜ್’ ಒತ್ತಿ. ಡೆಮಿ ಪುಟ ಎ4ಗೆ ಹಿಗ್ಗಿದಾಗ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದೊಡ್ಡದಾಗುತ್ತದೆ. ಆ ಬಿಳಿಯೂ ಹಿಗ್ಗಿತು. ನಿಜವಾದ ಅಳತೆಯಲ್ಲಿ ಒಂದೇ ಒಂದು ಹಾಳೆ ತೆಗೆದಿದ್ದರೆ ಸಾಕಿತ್ತು. ಮ್ಯಾಪ್‌ಲಿಥೊ ಮೇಲೆ ಶಾಯಿ ಸ್ವಲ್ಪ ಹರಡುತ್ತದೆ. ಅಚ್ಚಾಗಿ ಬಂದಾಗ ಬಿಳಿ ಮುಚ್ಚಿಹೋಗಿ ಒತ್ತುಗಳು ಕೆಳಗಿನ ಸಾಲಿಗೆ ಅಂಟಿಕೊಂಡಿದ್ದವು. ಮೇಷ್ಟ್ರು ಪುಸ್ತಕ ಕಣ್ಣ ಹತ್ತಿರ ಹಿಡಿದು, ‘ಏನಪ್ಪಾ, ಸಾಲುಗಳು ಒಂದರ ಮೇಲೊಂದು ಕೂತಿವೆಯಲ್ಲ’ ಅಂದರು. ಬೈದಿದ್ದರೆ ವಾಸಿಯಿತ್ತು.

ಹಳೆಯ ಪ್ರೆಸ್‌ಗಳಲ್ಲಿ ಸೀಸದ ಮೊಳೆ ಜೋಡಿಸುವಾಗ ಇಷ್ಟು ಸುಲಭಕ್ಕೆ ಈ ತಪ್ಪು ಆಗುತ್ತಿರಲಿಲ್ಲ. ಮೊಳೆಗೆ ತನ್ನದೇ ಮೈ ಇದೆ, ಒಂದು ಸಾಲಿನ ಲೋಹ ಇನ್ನೊಂದರೊಳಗೆ ನುಗ್ಗುವುದಿಲ್ಲ. ಕಂಪ್ಯೂಟರ್‌ಗೆ ಆ ತಡೆ ಇಲ್ಲ, ಹೇಳಿದಷ್ಟು ಒತ್ತುತ್ತದೆ.

ಪುಸ್ತಕ ಮತ್ತೆ ಅಚ್ಚಾಯಿತು. ಅಕ್ಷರ 11 ಪಾಯಿಂಟ್, ಲೀಡಿಂಗ್ 15.5, ಎಂಟು ಫಾರಂ. ನನ್ನ ಸಂಭಾವನೆ ಹೋಯಿತು, ಕಾಗದದ ದುಡ್ಡೂ ಕೈಯಿಂದ ಕೊಟ್ಟೆ. ಅಕ್ಷರ ಸಣ್ಣದಾಯಿತು ಅಂತ ಮಾತ್ರ ಇವತ್ತಿನವರೆಗೆ ಯಾರೂ ಹೇಳಿಲ್ಲ.

ಹಾಗಾಗಿ ನಿಮಗೆ ಹೇಳುವುದು ಇಷ್ಟು. ಒಂದೇ ಫಾಂಟ್ ಇಟ್ಟುಕೊಳ್ಳಿ. ನೋಟೊ ಸೆರಿಫ್ ಕನ್ನಡ ಅಥವಾ ತಿರೊ ಕನ್ನಡ ಸಾಕು, ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಒತ್ತಕ್ಷರ ತುಂಬಿರುವ ಒಂದು ಪ್ಯಾರಾ ಹುಡುಕಿ. ಅದನ್ನೇ 120, 135, 150% ಲೀಡಿಂಗ್‌ನಲ್ಲಿ ಜೋಡಿಸಿ, ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಮನೆಯಲ್ಲಿ ಕನ್ನಡಕ ಹಾಕುವವರ ಕೈಗೆ ಕೊಡಿ. ಅವರು ಎಲ್ಲಿ ತಡವರಿಸುತ್ತಾರೆ ಅಂತ ನೋಡಿ. ನನಗೆ ಈಗ 140ರ ಕೆಳಗೆ ಇಳಿಯಲು ಮನಸ್ಸೇ ಬರುವುದಿಲ್ಲ. ಆದರೆ ಫಾಂಟ್ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಒಂದು ಫಾಂಟಿನ 12 ಪಾಯಿಂಟ್ ಇನ್ನೊಂದರ 12ಕ್ಕಿಂತ ದಪ್ಪಗೆ, ದೊಡ್ಡದಾಗಿ ಕಾಣಬಹುದು. ಪಕ್ಕದಲ್ಲಿ ಇಂಗ್ಲಿಷ್ ಇದ್ದರಂತೂ ಸಂಖ್ಯೆ ನಂಬಬೇಡಿ, ಕಣ್ಣಿನಲ್ಲೇ ಸರಿಹೊಂದಿಸಿ.

ಇಂಗ್ಲಿಷ್ ಪಾಠದಲ್ಲಿ ‘ಪದ ಎದ್ದು ಕಾಣಲು ದೊಡ್ಡಕ್ಷರ ಬಳಸಿ’ ಅಂತ ಬರುತ್ತದೆ. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅನ್ನುವುದೇ ಇಲ್ಲ. ತೂಕ (ಅಕ್ಷರದ ದಪ್ಪ) ಬದಲಿಸಿ, ಅಳತೆ ಬದಲಿಸಿ, ಸುತ್ತ ಜಾಗ ಬಿಡಿ. ತಂತ್ರಾಂಶ ತಾನೇ ವಾಲಿಸಿ ಕೊಡುವ ಸುಳ್ಳು ಇಟಾಲಿಕ್ ಮಾತ್ರ ಬೇಡ, ದುಂಡು ಅಕ್ಷರದ ಅಂದ ಹೋಗುತ್ತದೆ. ಶೀರ್ಷಿಕೆಗೆ ಬೇರೆ ಬೇಕೇ ಬೇಕು ಅನ್ನಿಸಿದರೆ ಬಲೂ ತಮ್ಮ ಇದೆ, ಅನೇಕ್ ಕನ್ನಡ ಇದೆ. ಅವೂ ಉಚಿತವೇ. ದುಡ್ಡು ಕೊಟ್ಟು ಕೊಳ್ಳುವ ಮಾತು ಆಮೇಲೆ.

ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಕೆಳಗೆ ಇಳಿಯದೆ ಬಿಡಿಬಿಡಿಯಾಗಿ ನಿಂತರೆ ಫಾಂಟ್ ಬಯ್ಯಬೇಡಿ. ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಬಂದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಆಮೇಲೆ ಕೂತು ಕರಡು ತಿದ್ದಿ. ಅರ್ಕಾವತ್ತು ಎಲ್ಲೆಲ್ಲೋ ಹೋಗಿರುತ್ತದೆ.

ಕೋರ್ಸ್ ಸೇರಲೇಬೇಕು ಅಂತಿದ್ದರೆ ಸೇರಿ. ಆದರೆ ದುಡ್ಡು ಕಟ್ಟುವ ಮುಂಚೆ, ಕಲಿಸುವವರು ಕನ್ನಡದ ಒಂದು ಪುಸ್ತಕವನ್ನಾದರೂ ಅಚ್ಚಿಗೆ ಕಳಿಸಿದ್ದಾರಾ ಅಂತ ಕೇಳಿ. ಇಲ್ಲ ಅಂದರೆ ಆ ದುಡ್ಡಿನಲ್ಲಿ ಲೇಸರ್ ಪ್ರಿಂಟ್ ತೆಗೆಸುವುದೇ ವಾಸಿ.